ಬೂಟು ಪಳಗಿಸಿದ ಇಪ್ಪತ್ತು ದಿನ

ಆಲ್ಪ್ಸ್ ಪರ್ವತದ ಮೇಲೆ ಒಂದು ಸರೋವರವಿದೆ. ಅದರ ಸುತ್ತ ಒಂಬತ್ತು ಕಿಲೋಮೀಟರ್ ಕಾಲುದಾರಿ. ನಮ್ಮ ಮನೆಯ ನಾಲ್ಕು ಜನ ಒಂದು ದಿನ ಆ ದಾರಿಯನ್ನು ನಡೆದು ಬರಬೇಕು. ಯೋಜನೆ ಇಷ್ಟೇ. ಇಷ್ಟಕ್ಕೆ ನಮ್ಮ ಸಂಸಾರ ಮುರಿದುಬಿತ್ತೆಂದು ಲಂಡನ್ನಿನ ಸಟನ್‌ನಿಂದ ಟೂಟಿಂಗ್‌ವರೆಗೆ ಸುದ್ದಿಯಾಗುವ ಅಗತ್ಯ ಖಂಡಿತ ಇರಲಿಲ್ಲ.

ಹೋಗಬೇಕಾಗಿದ್ದದ್ದು ಜುಲೈ ಕೊನೆಯ ವಾರ. ಅದಕ್ಕಿಂತ ಮುಂಚೆ ಹೋಗುವಂತಿರಲಿಲ್ಲ, ನನ್ನ ಗಂಡ ವಿನಾಯಕನ ಆಫೀಸಿನಲ್ಲಿ ಯಾವುದೋ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದನ್ನು ಕೂರಿಸುತ್ತಿದ್ದರು. ಆಮೇಲೆ ಹೋಗುವಂತೆಯೂ ಇರಲಿಲ್ಲ, ಹತ್ತು ವರ್ಷದ ಮಗಳು ಸಿರಿಶಾಳಿಗೆ ಸೆಪ್ಟೆಂಬರಿನಲ್ಲಿ ಗ್ರಾಮರ್ ಶಾಲೆಯ ಪ್ರವೇಶ ಪರೀಕ್ಷೆ, ಆಗಸ್ಟ್ ಪೂರ್ತಿ ಕೋಚಿಂಗ್. ಮೈಸೂರಿನಿಂದ ಬಂದಿದ್ದ ಅತ್ತೆಯೂ ಆಗಸ್ಟಿನಲ್ಲಿ ವಾಪಸ್ ಹೊರಡುವವರು. ಉಳಿದದ್ದು ಆ ಒಂದು ವಾರ. ನಾನು ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಬೆಳಗಿನಿಂದ ಸಂಜೆಯವರೆಗೆ ಜನರ ತೋಳಿಗೆ ಸೂಜಿ ಚುಚ್ಚುವುದು. ಶಾಲೆಗೆ ರಜೆ ಇರುವ ವಾರದಲ್ಲೇ ರಜೆ ಬೇಕೆಂದರೆ ನಮ್ಮಲ್ಲಿ ಯುದ್ಧ. ಕ್ರಿಸ್‌ಮಸ್, ಹೊಸ ವರ್ಷ, ಈಸ್ಟರ್ ಮೂರರಲ್ಲೂ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ ಮೇಲೆ ನಮ್ಮ ಮ್ಯಾನೇಜರ್ ಜೇನ್ ಆ ವಾರವನ್ನು ನನ್ನ ಹೆಸರಿಗೆ ಬರೆದುಕೊಟ್ಟಿದ್ದಳು.

ಯೋಜನೆಯನ್ನು ವಿನಾಯಕನಿಗೆ ಬಿಟ್ಟೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಸರೋವರದ ಬಗ್ಗೆ ಎಲ್ಲೋ ಓದಿದಾಗ 'ಕಾಲಗಿಣ್ಣು ಮುಚ್ಚುವ ಗಟ್ಟಿ ಬೂಟು ಒಳ್ಳೆಯದು' ಎಂದಿತ್ತಂತೆ. ಜೂನ್ ಕೊನೆಯಲ್ಲಿ ಹೋಗಿ ಒಂದು ಜೊತೆ ತಂದ. ಒಂದೊಂದು ಬೂಟಿಗೂ ಹದಿನಾರು ಕೊಕ್ಕೆ. ಅಂಗಡಿಯ ಹುಡುಗಿ ಎರಡು ನಿಯಮ ಹೇಳಿದ್ದಳು. ಮೂರು ವಾರ ದಿನಕ್ಕೆ ಎರಡು ಗಂಟೆ ಹಾಕಿಕೊಂಡು ಓಡಾಡಿ ಬೂಟು ಪಳಗಿಸಬೇಕು. ಆದರೆ ಕಟ್ಟಡದ ಒಳಗೆ ಮಾತ್ರ. ಹೊರಗೆ ಒಂದು ಹೆಜ್ಜೆ ಇಟ್ಟರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ವಿನಾಯಕ ನಿಯಮಗಳನ್ನು ಕೇಳುವುದು ಉಳಿದವರು ಮಂತ್ರ ಕೇಳುವ ಹಾಗೆ. ಮನೆಗೆ ಬಂದವನೇ ಹಾಲ್‌ನಲ್ಲಿ ಕೂತು ಮೂವತ್ತೆರಡು ಕೊಕ್ಕೆಯನ್ನೂ ಬಿಗಿದು ಎದ್ದು ನಿಂತ.

ಅಡಿಗೆಮನೆಯಿಂದ ಅತ್ತೆ ಹೊರಗೆ ಬಂದರು.

"ಏನೋ ಅದು ಕಾಲಲ್ಲಿ?"

"ಬೂಟಮ್ಮ. ಹೊಸದು. ಒಂದು ಸಲಾನೂ ನೆಲಕ್ಕೆ ತಾಗಿಲ್ಲ."

"ಈಗ ನನ್ನ ನೆಲಕ್ಕೆ ತಾಗ್ತಾ ಇದೆಯಲ್ಲ."

"ಅಮ್ಮಾ, ಇದನ್ನ ಮನೆ ಒಳಗೇ ಹಾಕ್ಕೊಂಡು ಓಡಾಡ್ಬೇಕಂತೆ. ಅಂಗಡಿಯವಳು ಹೇಳಿದಾಳೆ."

"ಹಾಗಾದ್ರೆ ಅವಳ ಮನೇಲಿ ಓಡಾಡು."

"ಅಮ್ಮಾ, ಇದು ಸ್ವಿಟ್ಜರ್ಲೆಂಡಿಗೆ..."

"ಸ್ವರ್ಗಕ್ಕೇ ಹೋಗು. ದೇವರ ಮುಂದೆ ಮೆಟ್ಟು ಹಾಕ್ಕೊಂಡು ತಿರುಗೋ ಹಾಗಿಲ್ಲ."

ನಮ್ಮ ಫ್ಲಾಟಿನಲ್ಲಿ ದೇವರು ಟಿವಿ ಪಕ್ಕದ ಕಪಾಟಿನಲ್ಲಿದ್ದಾನೆ. ಅಲ್ಲಿಂದ ಅವನಿಗೆ ಹಾಲ್, ಅಡಿಗೆಮನೆ, ಎರಡು ಮಲಗುವ ಕೋಣೆಗಳ ಬಾಗಿಲು ಎಲ್ಲವೂ ಕಾಣುತ್ತದೆ. ಹಾಗಾಗಿ ಬೂಟಿಗೆ ಉಳಿದದ್ದು ಬಚ್ಚಲುಮನೆ ಒಂದೇ. ಅಲ್ಲಿ ವಿನಾಯಕ ಎರಡು ದಿನ ನಿಂತಲ್ಲೇ ಹೆಜ್ಜೆ ಹಾಕಿದ. ಕೆಳಗಿನ ಮನೆಯವರು ಕೊಳಾಯಿ ರಿಪೇರಿಯವನನ್ನು ಕರೆಸಿದರು.

ಮೂರನೆಯ ದಿನ ಅವನಿಗೆ ಕಟ್ಟಡದ ಮೆಟ್ಟಿಲು ನೆನಪಾಯಿತು. ಮೆಟ್ಟಿಲು ಒಳಗೋ ಹೊರಗೋ? ಅಂಗಡಿಗೆ ಇಮೇಲ್ ಬರೆದು, ಮೇಲಿನಿಂದಲೂ ಕೆಳಗಿನಿಂದಲೂ ತೆಗೆದ ನಾಲ್ಕು ಫೋಟೋ ಲಗತ್ತಿಸಿ ಕೇಳಿದ. ಒಂದು ದಿನ ಬಿಟ್ಟು ಉತ್ತರ ಬಂತು: ಕಾರ್ಪೆಟ್ ಇದ್ದರೆ ಒಳಗೆ. ನಮ್ಮ ಮೆಟ್ಟಿಲಿಗೆ ಬೂದು ಬಣ್ಣದ ಕಾರ್ಪೆಟ್ ಇದೆ. ಆರು ಮಹಡಿ, ನಾವು ಮೂರನೆಯದರಲ್ಲಿ. ವಿನಾಯಕ ಆ ಇಮೇಲನ್ನು ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡ.

ಅಲ್ಲಿಂದ ದಿನಾ ಸಂಜೆ ಆರೂವರೆಯಿಂದ ಎಂಟೂವರೆವರೆಗೆ ಹತ್ತುವುದು, ಇಳಿಯುವುದು. ಬೆನ್ನಿಗೆ ಹೊರೆ ಇಟ್ಟುಕೊಂಡೇ ಅಭ್ಯಾಸ ಮಾಡಬೇಕೆಂದು ಇನ್ನೆಲ್ಲೋ ಓದಿದ್ದರಿಂದ ಚೀಲದೊಳಗೆ ಹತ್ತು ಕೆಜಿ ಸೋನಾ ಮಸೂರಿ ಅಕ್ಕಿ, ಹೊರಗೆ ಟಾರ್ಚು, ಛತ್ರಿ, ಬೆವರು ಒರೆಸಲು ಟವೆಲ್. ಬೂಟು ಬಿಚ್ಚಿ ಕಟ್ಟುವುದಕ್ಕೆ ಇಪ್ಪತ್ತು ನಿಮಿಷ ಬೇಕಾದ್ದರಿಂದ ಊಟಕ್ಕೂ ಒಳಗೆ ಬರುತ್ತಿರಲಿಲ್ಲ. ಅತ್ತೆ ಬಾಗಿಲನ್ನು ಒಂದು ಗೇಣು ತೆರೆದು ತಟ್ಟೆಯನ್ನು ಹೊರಗೆ ಚಾಚುತ್ತಿದ್ದರು.

"ಡ್ಯಾಡ್, ಪ್ಲೀಸ್," ಎಂದಳು ಸಿರಿಶಾ. "ಮೈ ಫ್ರೆಂಡ್ಸ್ ಯೂಸ್ ದೀಸ್ ಸ್ಟೇರ್ಸ್."

ನಾನು ಆ ವಾರ ಎರಡು ಜನರ ಶಿಫ್ಟ್ ಮಾಡುತ್ತಿದ್ದೆ. ಗಂಡ ಮೆಟ್ಟಿಲ ಮೇಲಿದ್ದಾನೆ, ಮಗಳು ಓದುತ್ತಿದ್ದಾಳೆ, ಅನ್ನ ಆಗಿದೆ. ಇದಕ್ಕಿಂತ ಹೆಚ್ಚು ವಿಚಾರಿಸುವ ತ್ರಾಣ ನನಗಿರಲಿಲ್ಲ.

ಎರಡನೆಯ ಮಹಡಿಯಲ್ಲಿ ಹೆರಾಲ್ಡ್ ಮತ್ತು ರೋಜ್ ಇದ್ದಾರೆ. ಉಡುಪಿ ಕಡೆಯವರು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಮಗ ಡ್ಯಾರಿಲ್ ಯೂನಿವರ್ಸಿಟಿಗೆ ಹೋಗಿದ್ದಾನೆ. ರೋಜ್ ನನ್ನ ಜೊತೆಗೇ ರಕ್ತ ತೆಗೆಯುವ ಕೆಲಸದವರು. ಹೆರಾಲ್ಡ್ ಅವರಿಗೆ ನಿಜ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವಿನಾಯಕ ಅದಕ್ಕೆ ಒಂದು ತಿಂಗಳ ಹಿಂದೆಯೇ ಲಿಫ್ಟಿನಲ್ಲಿ ಅವರಿಗೆ, "ಬೆಟ್ಟ ಹತ್ತೋದು ನಮಗೇನು ಹೊಸದಲ್ಲ ಸಾರ್, ಕಾಲೇಜಲ್ಲಿ ಅದೇ ಕೆಲಸ," ಎಂದುಬಿಟ್ಟಿದ್ದ. ಕಾಲೇಜಿನಲ್ಲಿ ಅವನು ನಂದಿ ಬೆಟ್ಟಕ್ಕೆ ಒಂದು ಸಲ ಹೋದದ್ದು ನಿಜ. ಸ್ಕೂಟರಿನಲ್ಲಿ. ಅಂಥವನು ಈಗ ಮೆಟ್ಟಿಲ ಮೇಲೆ ನಡೆಯುವುದನ್ನು ಕಲಿಯುತ್ತಿದ್ದೇನೆಂದು ಹೇಗೆ ಹೇಳಿಯಾನು?

ಹೆರಾಲ್ಡ್ ನೋಡಿದಾಗ ವಿನಾಯಕ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಕಣ್ಣಲ್ಲಿ ನೀರು. ನಮ್ಮ ಬಾಗಿಲು ಒಂದು ಗೇಣು ತೆರೆಯಿತು. ಬಳೆ ತೊಟ್ಟ ಕೈಯೊಂದು ತಟ್ಟೆಯನ್ನು ನೆಲದ ಮೇಲಿಟ್ಟಿತು.

"ತಿಂದು ತಟ್ಟೆ ಅಲ್ಲೇ ಇಡು," ಎಂದಿತು ಒಳಗಿನ ದನಿ. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

"ಎಂತ ವಿನಾಯಕ್, ಊಟ ಹೊರಗಾ?" ಎಂದರು ಹೆರಾಲ್ಡ್.

"ಹೂಂ ಸಾರ್. ಏನಿಲ್ಲ, ಹೀಗೇ."

"ಎಷ್ಟು ದಿನ ಆಯ್ತು?"

"ನಾಲ್ಕು ದಿನ."

"ಬ್ಯಾಗಿನಲ್ಲಿ ಎಂತ ಉಂಟು?"

"ಅಕ್ಕಿ."

ಹೆರಾಲ್ಡ್ ಅವನ ಪಕ್ಕದಲ್ಲಿ ಕೂತುಬಿಟ್ಟರು. ಗಂಡಸೊಬ್ಬ ತನ್ನ ಅಕ್ಕಿಯನ್ನು ತಾನೇ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಾನೆಂದರೆ ಇನ್ನೇನು ಕೇಳುವುದು ಉಳಿದಿದೆ?

"ಮಾರಾಯ್ರೆ, ನಮ್ಮ ಡ್ಯಾರಿಲ್‌ನ ರೂಮ್ ಖಾಲಿ ಉಂಟು. ಸಂಕೋಚ ಮಾಡ್ಬೇಡಿ."

ವಿನಾಯಕನಿಗೆ ಆಸೆಯಾಯಿತು. "ಅಲ್ಲಿ ಕಾರ್ಪೆಟ್ ಇದೆಯಾ ಸಾರ್?"

ಹೆರಾಲ್ಡ್ ಕೆಳಗೆ ಹೋಗಿ ಹೆಂಡತಿಗೆ ಹೇಳಿದರಂತೆ: "ರೋಜ್, ಪಾಪ, ತಲೆಗೂ ಸ್ವಲ್ಪ ಪೆಟ್ಟಾಗಿದೆ."

ಮಾರನೆಯ ದಿನ ರೋಜ್ ಒಂದು ಡಬ್ಬಿ ನೀರುದೋಸೆ ತಂದರು. ನನ್ನ ಕೈ ಹಿಡಿದುಕೊಂಡು, "ಎಂತ ಬೇಕಿದ್ರೂ ಕೇಳಿ ಕಲ್ಯಾಣಿ, ಆಯ್ತಾ? ಒಬ್ಬಳೇ ಅಂತ ಗ್ರಹಿಸ್ಬೇಡಿ," ಎಂದರು. ನಾನು ಇದು ಸಿರಿಶಾಳ ಪರೀಕ್ಷೆಗೆ ಕೊಡುತ್ತಿರುವ ಧೈರ್ಯ ಎಂದುಕೊಂಡು, "ನೋಡೋಣ, ಆದ್ರೆ ಆಯ್ತು, ಇಲ್ಲದಿದ್ರೆ ಬೇರೆ ಹುಡುಕ್ತೀವಿ," ಎಂದೆ. ನೀರುದೋಸೆ ಚೆನ್ನಾಗಿತ್ತು.

ಆ ವಾರವೇ ಕಟ್ಟಡ ನೋಡಿಕೊಳ್ಳುವ ಏಜೆಂಟ್ ಬಂದ. ಮೆಟ್ಟಿಲಲ್ಲಿ ಯಾರೋ ವಾಸ ಮಾಡುತ್ತಿದ್ದಾರೆಂದು ಅವನಿಗೆ ಯಾರೋ ದೂರು ಕೊಟ್ಟಿದ್ದರು.

"ನಿಮಗೆ ಹೋಗಲು ಎಲ್ಲಾದರೂ ಜಾಗ ಇದೆಯೇ ಸರ್?" ಎಂದು ಮೆಲ್ಲಗೆ ಕೇಳಿದ.

"ಇದೇ ನನ್ನ ಮನೆ," ಎಂದ ವಿನಾಯಕ ನಮ್ಮ ಬಾಗಿಲು ತೋರಿಸಿ.

ಏಜೆಂಟ್ ಬಾಗಿಲು ತಟ್ಟಿದ. ಅತ್ತೆ ತೆರೆದರು. ಮೊದಲು ಏಜೆಂಟನನ್ನು ನೋಡಿದರು, ಆಮೇಲೆ ಮಗನ ಕಾಲು ನೋಡಿದರು, ಬಾಗಿಲು ಹಾಕಿಕೊಂಡರು. ಏಜೆಂಟ್ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡು, ಮನೆಯಿಲ್ಲದವರಿಗಾಗಿ ಕೌನ್ಸಿಲ್ ಇಟ್ಟಿರುವ ಫೋನ್ ನಂಬರನ್ನು ವಿನಾಯಕನ ಕೈಗೆ ಕೊಟ್ಟುಹೋದ. ಅವನು ಅದನ್ನು ಇಮೇಲ್ ಇದ್ದ ಜೇಬಿಗೇ ಸೇರಿಸಿದ.

ಶನಿವಾರ ಟೂಟಿಂಗ್‌ನಿಂದ ಶೇಷಾದ್ರಿಗಳು ಬಂದರು. ನಮ್ಮ ಕಡೆಯ ಕನ್ನಡಿಗರಲ್ಲಿ ಯಾರ ಮನೆ ಬಿರುಕು ಬಿಟ್ಟರೂ ಗಾರೆ ಮೆತ್ತಲು ಬರುವವರು ಅವರು. ಅವರ ಪದ್ಧತಿಯ ಮುಖ್ಯ ಅಂಶವೆಂದರೆ ವಿಷಯವನ್ನು ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಮನೆಯವರ ಮರ್ಯಾದೆಗೆ ಕುಂದು. ಒಂದು ಗಂಟೆ ವಿಷಯದ ಸುತ್ತ ಸುತ್ತುತ್ತಾರೆ, ಒಳಗೆ ಮಾತ್ರ ಕಾಲಿಡುವುದಿಲ್ಲ.

ಅವರು ಬಂದಾಗ ವಿನಾಯಕನ ಲೆಕ್ಕದಲ್ಲಿ ಇನ್ನೂ ನಲವತ್ತು ನಿಮಿಷ ಬಾಕಿ ಇತ್ತು. ಹಾಗಾಗಿ ಅವನು ಹೊಸ್ತಿಲ ಹೊರಗೆ, ಬೂಟು ಹಾಕಿಕೊಂಡು, ಮರ್ಯಾದೆಗೆಂದು ಕೈಕಟ್ಟಿ ನಿಂತ. ನಾನೂ ಅತ್ತೆಯೂ ಒಳಗೆ ಕೂತೆವು. ಶೇಷಾದ್ರಿಗಳು ಕುರ್ಚಿಯನ್ನು ಹೊಸ್ತಿಲ ಬಳಿಗೆ ಎಳೆದುಕೊಂಡು ಎರಡೂ ಕಡೆಗೆ ಮುಖ ತಿರುಗಿಸುತ್ತ ಮಾತಾಡಿದರು.

"ದೇಶ ಬಿಟ್ಟು ಬಂದಿದೀವಿ. ಇಲ್ಲಿ ನಮಗೆ ನಾವೇ."

"ನಿಜ ಸಾರ್," ಎಂದೆ.

"ಸಣ್ಣಪುಟ್ಟದ್ದು ಯಾರ ಮನೇಲಿಲ್ಲ ಹೇಳಿ?"

"ಇರುತ್ತೆ ಸಾರ್. ಕಾಫಿ ಇನ್ನೊಂದು ಸ್ವಲ್ಪ?"

"ಅರ್ಧ ಲೋಟ ಸಾಕು. ಹಿರಿಯರಾಗಿ ನೀವೂ ಸ್ವಲ್ಪ ಸಡಿಲ ಬಿಡಬೇಕಮ್ಮ," ಎಂದರು ಅತ್ತೆಗೆ.

"ನಾನು ಬದುಕಿರೋ ತನಕ ಆಗಲ್ಲ," ಎಂದರು ಅತ್ತೆ. ಶೇಷಾದ್ರಿಗಳಿಗೂ ಬೂಟಿನ ದೂರು ಹೋಗಿದೆಯೆಂದು ಅವರಿಗೆ ಸಿಟ್ಟು ಬಂದಿತ್ತು. ನಾನಂತೂ ಈ ಮನುಷ್ಯ ಈಗಲೋ ಆಗಲೋ ರಾಜ್ಯೋತ್ಸವದ ರಶೀದಿ ಪುಸ್ತಕ ತೆಗೆಯುತ್ತಾನೆಂದು ಕಾಯುತ್ತಿದ್ದೆ.

ಅವರು ತೆಗೆಯಲಿಲ್ಲ. ಹೊರಡುವಾಗ ವಿನಾಯಕನ ಭುಜ ತಟ್ಟಿ, "ತಾಳ್ಮೆ ಇರಲಿ," ಎಂದರು.

"ಇನ್ನು ಒಂದು ವಾರ ಅಷ್ಟೇ ಸಾರ್," ಎಂದ ಅವನು.

ಆ ಸಂಜೆ ಟೂಟಿಂಗ್‌ನ ಇಡ್ಲಿ ಹೋಟೆಲಿನಲ್ಲಿ ಶೇಷಾದ್ರಿಗಳು ನಾಲ್ಕು ಜನರೆದುರು, ತಾಯಿ ಬಗ್ಗುತ್ತಿಲ್ಲ, ಹೆಂಡತಿ ಕಾಫಿ ಕೊಟ್ಟು ಮಾತು ಹಾರಿಸುತ್ತಾಳೆ, ಹುಡುಗ ಒಂದು ವಾರದ ಗಡುವು ಕೊಟ್ಟಿದ್ದಾನೆ ಎಂದು ವರದಿ ಒಪ್ಪಿಸಿದರೆಂದು ಆಮೇಲೆ ತಿಳಿಯಿತು.

ಗುರುವಾರ ಜೇನ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದಳು. ನಮ್ಮ ವಿಭಾಗದಲ್ಲಿ ಬಾಗಿಲು ಮುಚ್ಚಿದರೆ ಒಂದೋ ಯಾರೋ ಸತ್ತಿದ್ದಾರೆ, ಇಲ್ಲವೇ ಯಾರದೋ ಸ್ಯಾಂಪಲ್ ಕಳೆದಿದೆ.

"ನೀನು ಏನೂ ಹೇಳಬೇಕಾಗಿಲ್ಲ ಕಲ್ಯಾಣಿ," ಎಂದು ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. "ನಾನೂ ಇದನ್ನೆಲ್ಲ ದಾಟಿ ಬಂದವಳೇ. ಜುಲೈ ಕೊನೆಯ ವಾರ ನಿನಗಿನ್ನು ರಜೆ ಬೇಕಾಗುವುದಿಲ್ಲ. ಒಬ್ಬಳ ಸಂಬಳದಲ್ಲಿ ಮನೆ ನಡೆಸುವುದು ಎಷ್ಟು ಕಷ್ಟ ನನಗೆ ಗೊತ್ತು. ಅದಕ್ಕೇ ಆ ವಾರ ನಿನಗೆ ಆರು ಶಿಫ್ಟ್ ಹಾಕಿದ್ದೇನೆ. ನಿನ್ನ ರಜೆಯನ್ನು ರೋಜ್ ತೆಗೆದುಕೊಳ್ಳಲು ಒಪ್ಪಿದ್ದಾರೆ. ದೊಡ್ಡ ಮನಸ್ಸು."

"ನನ್ನ ಗಂಡ ಮನೆಯಲ್ಲೇ ಇದ್ದಾನೆ ಜೇನ್!"

"ಮನೆಯಲ್ಲಾ? ಮೆಟ್ಟಿಲ ಮೇಲಾ?"

"ಸಂಜೆ ಮಾತ್ರ ಮೆಟ್ಟಿಲ ಮೇಲೆ."

ಜೇನ್ ಡಬ್ಬಿಯನ್ನು ಇನ್ನೂ ಹತ್ತಿರ ತಳ್ಳಿದಳು. ಬೂಟು, ದೇವರ ಕಪಾಟು, ಕಾರ್ಪೆಟ್ ಇಮೇಲು ಎಲ್ಲವನ್ನೂ ಹೇಳಿದೆ. ಹೇಳಿದಷ್ಟೂ ಅವಳ ಮುಖದಲ್ಲಿ ಕರುಣೆ ಹೆಚ್ಚಿತು. ಮೊದಮೊದಲು ಎಲ್ಲ ಹೆಂಗಸರೂ ಹೀಗೆಯೇ ಕಾರಣ ಕಟ್ಟುತ್ತಾರಂತೆ. ಅವಳು ತನ್ನ ಗಂಡ ಮೀನು ಹಿಡಿಯಲು ಹೋಗಿದ್ದಾನೆಂದು ಎರಡು ತಿಂಗಳು ಹೇಳಿದ್ದಳಂತೆ. ಕೊನೆಗೆ, ಜುಲೈ ಕೊನೆಯ ವಾರದ ಶಿಫ್ಟ್ ಪಟ್ಟಿ ನಾಳೆ ಮಧ್ಯಾಹ್ನ ಮೂರಕ್ಕೆ ಹೊರಬೀಳುತ್ತದೆ, ಆಮೇಲೆ ಏನನ್ನೂ ಬದಲಿಸಲಾಗದು ಎಂದಳು.

ಕಾರಿಡಾರಿನಲ್ಲಿ ರೋಜ್ ಸಿಕ್ಕಿದರು. "ರೋಜ್, ಯಾರ್ಯಾರಿಗೆ ಏನು ಹೇಳಿದ್ದೀರಿ?"

"ಜೇನ್‌ಗೆ ಮಾತ್ರ ಹೇಳಿದ್ದು, ಸತ್ಯ. ಮತ್ತೆ ಶೇಷಾದ್ರಿಯವರಿಗೆ. ಮತ್ತೆ ಚರ್ಚಿನಲ್ಲಿ ಪ್ರಾರ್ಥನೆಗೆ ಕೊಟ್ಟದ್ದು. ಹೆಸರು ಹೇಳ್ಲಿಲ್ಲ ಆಯ್ತಾ, ಫ್ಲಾಟ್ ನಂಬರ್ ಮಾತ್ರ."

"ನಮಗೇನೂ ಆಗಿಲ್ಲ ರೋಜ್!"

"ಹಾಗೇ ಧೈರ್ಯದಲ್ಲಿರಿ," ಎಂದರು ರೋಜ್. "ಹೆರಾಲ್ಡ್ ಈಗ ಸ್ಪೇನಿನ ಹೋಟೆಲ್ ನೋಡ್ತಾ ಇದ್ದಾರೆ. ಅಲ್ಲಿಂದ ನಿಮಗೂ ಎಂತಾದ್ರೂ ತರ್ತೇನೆ."

ಆ ಸಂಜೆ ಮೆಟ್ಟಿಲ ಮೇಲೆಯೇ ವಿನಾಯಕನನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವನು ಬೆಚ್ಚಿಬಿದ್ದ. ತನ್ನ ದಾಂಪತ್ಯ ಮುರಿದದ್ದು ತನಗೊಬ್ಬನಿಗೇ ಗೊತ್ತಿರಲಿಲ್ಲವೆಂದು ಅವನಿಗೆ ಬೇಜಾರು.

"ನಾಳೆ ಎರಡೂವರೆಗೆ ಆಸ್ಪತ್ರೆಗೆ ಬಾ," ಎಂದೆ. "ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೋ. ಗಂಡನ ಥರ ಕಾಣು. ಅಷ್ಟು ಸಾಕು."

ಅವನು ಸರಿಯಾಗಿ ಎರಡೂವರೆಗೆ ಬಂದ. ಶರ್ಟಿಗೆ ಇಸ್ತ್ರಿಯೂ ಆಗಿತ್ತು. ಆದರೆ ಮನೆಯಿಂದ ಹೊರಡುವಾಗ ಅವನಿಗೆ ಹೊಳೆದದ್ದು, ಆಸ್ಪತ್ರೆಯಷ್ಟು ಉದ್ದದ ಒಳಾಂಗಣ ಸಟನ್ನಿನಲ್ಲಿ ಬೇರೆಲ್ಲೂ ಇಲ್ಲ ಎಂಬುದು. ಮುಖ್ಯ ಬಾಗಿಲಲ್ಲಿ ಕೂತು ಮೂವತ್ತೆರಡು ಕೊಕ್ಕೆ ಬಿಗಿದು, ಹಳೆಯ ಷೂಗಳನ್ನು ದಾರ ಕಟ್ಟಿ ಚೀಲಕ್ಕೆ ತೂಗುಹಾಕಿ, ಅಕ್ಕಿ, ಟಾರ್ಚು, ಛತ್ರಿ, ಟವೆಲ್ ಸಮೇತ ಜೇನ್‌ಳ ಕೋಣೆಗೆ ಕುಂಟುತ್ತ ನಡೆದು ಬಂದ. ಹಿಂದೆ ರೇಷ್ಮೆ ಸೀರೆ ಉಟ್ಟು, ಕ್ಯಾನ್ವಾಸ್ ಷೂ ಹಾಕಿಕೊಂಡು ಅತ್ತೆ. ಸಾಕ್ಷಿ ಹೇಳಲು ಬಂದಿದ್ದರು.

ಜೇನ್ ಎದ್ದು ನಿಂತು ಚೀಲ ಹೊತ್ತವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ರಾತ್ರಿ ಎಲ್ಲಿ ಮಲಗುತ್ತೀರಿ ವಿನಾಯಕ್?"

"ಮನೆಯಲ್ಲೇ," ಎಂದ ಅವನು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ.

ಅತ್ತೆ ಮುಂದೆ ಬಂದರು. ನಮ್ಮ ಮನೆಯ ಮಾನ ಉಳಿಸಲು ಅವರು ದಾರಿಯುದ್ದಕ್ಕೂ ಇಂಗ್ಲಿಷ್ ಜೋಡಿಸಿಕೊಂಡು ಬಂದಿದ್ದರು. "ಮೈ ಸನ್. ಗುಡ್ ಬಾಯ್. ಟ್ವೆಂಟಿ ಡೇಸ್ ಐ ನಾಟ್ ಅಲೋ ಇನ್‌ಸೈಡ್," ಎಂದು ಹೆಮ್ಮೆಯಿಂದ ಹೇಳಿ ನನ್ನ ಕಡೆ ನೋಡಿದರು.

ಜೇನ್ ಟಿಶ್ಯೂ ಡಬ್ಬಿಯನ್ನು ನನ್ನ ಮುಂದಿನಿಂದ ತೆಗೆದು ವಿನಾಯಕನ ಮುಂದೆ ಇಟ್ಟಳು. ಗಡಿಯಾರದಲ್ಲಿ ಎರಡೂ ನಲವತ್ತು.

ವಿನಾಯಕ ಕೊನೆಯ ಪ್ರಯತ್ನವಾಗಿ ಸರೋವರದ ನಕ್ಷೆಯನ್ನು ಮೇಜಿನ ಮೇಲೆ ಹರಡಿದ. "ನೋಡಿ, ಎಲ್ಲ ಯೋಜನೆ ಆಗಿದೆ. ನಾಲ್ಕು ಜನ. ಎಂಟೂ ಹತ್ತಕ್ಕೆ ಕೇಬಲ್ ಕಾರು. ಇಲ್ಲಿ ಇಳಿದು ಬಲಗಡೆಗೆ ಹೊರಟು..."

"ಬಲಗಡೆಗಾ?" ಎಂದೆ ನಾನು ಕನ್ನಡದಲ್ಲಿ. "ಟಾಯ್ಲೆಟ್ ಎಡಗಡೆ ಇದೆ ಅಂತ ನೀನೇ ಹೇಳಿದ್ಯಲ್ಲ?"

"ಎಡಗಡೆ ಹೋದ್ರೆ ಏರು ಕೊನೇಲಿ ಬರುತ್ತೆ ಕಣೇ. ಅಮ್ಮಂಗೆ ಸುಸ್ತಾಗುತ್ತೆ."

"ನನಗಾ?" ಎಂದರು ಅತ್ತೆ. "ನಾಲ್ಕು ಮೆಟ್ಟಿಲು ಹತ್ತಿ ಅತ್ತೋನು ನೀನು!"

"ಬಲಗಡೆ ಹೋದ್ರೆ ಟಾಯ್ಲೆಟ್ ಸಿಗೋದು ಏಳನೇ ಕಿಲೋಮೀಟರಿಗೆ. ಅತ್ತೆ ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದಿರ್ತಾರೆ. ಯೋಚನೆ ಮಾಡಿದೀಯಾ?"

"ಅದಕ್ಕೇ ಅವತ್ತು ಒಂದೇ ಲೋಟ ಅಂತ ಹಾಕಿದೀನಿ. ಎಕ್ಸೆಲ್ ಶೀಟಲ್ಲಿದೆ, ಬೇಕಾದ್ರೆ ನೋಡು."

"ನನ್ನ ಕಾಫಿ ಕಡಿಮೆ ಮಾಡೋಕೆ ನೀನ್ಯಾರೋ?"

"ಎಂಟು ಚಪಾತಿ ಅಂತ ಬೇರೆ ಬರ್ದಿದಾನೆ ಅತ್ತೆ. ನಾಲ್ಕು ಜನಕ್ಕೆ ಎಂಟು! ಮಧ್ಯಾಹ್ನ ಮಗು ಏನು, ಕಲ್ಲು ತಿನ್ನುತ್ತಾ?"

"ಭಾರ ಆಗುತ್ತೆ ಅಂತ..."

"ಹತ್ತು ಕೆಜಿ ಅಕ್ಕಿ ಹೊತ್ಕೊಂಡು ಆಸ್ಪತ್ರೆಗೆ ಬಂದಿರೋನು ಚಪಾತಿ ಭಾರ ಅಂತಾನೆ! ಎಡಗಡೆ ಅಂದ್ರೆ ಎಡಗಡೆ."

"ನಕ್ಷೆ ಓದೋಕೆ ಬರ್ದೆ ಇರೋರ ಜೊತೆ ವಾದ ಮಾಡಕ್ಕಾಗಲ್ಲ!"

"ನಂಗಾ ಓದೋಕೆ ಬರಲ್ಲ? ನೀನು ತಲೆಕೆಳಗೆ ಹಿಡ್ಕೊಂಡಿದೀಯಾ ಅದನ್ನ!"

ಅವನು ನಕ್ಷೆಯನ್ನು ತಿರುಗಿಸಿದ. ಆಗಲೇ ನಮಗೆ ಜೇನ್ ನೆನಪಾದದ್ದು. ಅವಳಿಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಆದರೂ ಕುರ್ಚಿಗೆ ಒರಗಿ, ಗಲ್ಲದ ಮೇಲೆ ಪೆನ್ನಿಟ್ಟುಕೊಂಡು ಸಂಗೀತ ಕೇಳುವವಳಂತೆ ಕೂತಿದ್ದಳು.

"ನನ್ನ ಸಂಸಾರ ಮುರಿದ ವರ್ಷ," ಎಂದಳು ನಿಧಾನವಾಗಿ, "ನಾವಿಬ್ಬರೂ ತುಂಬಾ ಮರ್ಯಾದೆಯಿಂದ ಮಾತಾಡುತ್ತಿದ್ದೆವು. ದಯವಿಟ್ಟು, ಕ್ಷಮಿಸಿ, ನಿಮಗೆ ಹೇಗೆ ಅನುಕೂಲವೋ ಹಾಗೆ. ನೀವು ಬೇರೆಯಾಗಿಲ್ಲ. ಬೇರೆಯಾಗುವವರು ಹೀಗೆ ಜಗಳ ಆಡುವುದಿಲ್ಲ."

ಕಂಪ್ಯೂಟರಿನ ಕಡೆ ತಿರುಗಿ, ಎರಡೂ ಐವತ್ತೈದಕ್ಕೆ, ನನ್ನ ಹೆಸರಿನ ಮುಂದಿದ್ದ ಆರು ಶಿಫ್ಟನ್ನೂ ಅಳಿಸಿದಳು. ಅವು ಯಾರಿಗಾದರೂ ಹೋಗಬೇಕಲ್ಲ. ಒಂದು ಕ್ಷಣ ಯೋಚಿಸಿ ಆರನ್ನೂ ರೋಜ್ ಹೆಸರಿಗೆ ಹಾಕಿದಳು.

"ಅವರಿಗೆ ನಿನ್ನ ಬಗ್ಗೆ ಎಷ್ಟು ಕಾಳಜಿ ಅಂತ ನಾನು ನೋಡಿದ್ದೇನೆ," ಎಂದಳು. "ಸಂತೋಷದಿಂದ ಮಾಡುತ್ತಾರೆ."

ಸಂಜೆ ನಮ್ಮ ಕಟ್ಟಡದ ಲಿಫ್ಟಿನಲ್ಲಿ ನಾನೂ ರೋಜ್ ಇಬ್ಬರೇ. ಅವರು ಪಟ್ಟಿ ನೋಡಿದ್ದರು. ಮೊದಲ ಮಹಡಿ ದಾಟಿತು.

"ಕಲ್ಯಾಣಿ, ಬೇಜಾರು ಮಾಡ್ಬೇಡಿ, ಒಮ್ಮೆ ಸತ್ಯ ಹೇಳಿ," ಎಂದರು. "ನೀವು ಇಬ್ಬರೂ ಒಟ್ಟಿಗೇ ಇದ್ದೀರಾ?"

"ಒಟ್ಟಿಗೇ ಇದ್ದೀವಿ ರೋಜ್."

"ಖಂಡಿತ? ಸ್ವಲ್ಪ ಸಹ ತೊಂದರೆ ಇಲ್ಲ?"

"ಸ್ವಲ್ಪವೂ ಇಲ್ಲ."

ಎರಡನೆಯ ಮಹಡಿ ಬಂತು. ಬಾಗಿಲು ತೆರೆಯಿತು. "ದೇವರು ದೊಡ್ಡವನು," ಎಂದು ಹೇಳಿ ರೋಜ್ ಇಳಿದುಹೋದರು. ಅಷ್ಟು ಬೇಸರದ ದನಿಯಲ್ಲಿ ದೇವರನ್ನು ಹೊಗಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.